ಸಂದರ್ಶನ ರೆಕಾರ್ಡ್ ಮಾಡುವುದು ಹೇಗೆ? ಮೊದಲು ಕಿವಿ, ಆಮೇಲೆ ಕ್ಯಾಮೆರಾ

ಸಣ್ಣ ಕಾಲೇಜಿನಲ್ಲಿ ಮಾಧ್ಯಮ ಓದುವವರಿಗೆ ಒಂದು ಅನುಕೂಲ ಇದೆ. ತರಗತಿಯಲ್ಲಿ ಜನ ಕಡಿಮೆ, ಕ್ಯಾಮೆರಾ ಬೇಗ ಕೈಗೆ ಸಿಗುತ್ತದೆ. ಆದರೆ ಸೌಂಡ್ ನೋಡಿಕೊಳ್ಳಲು ಬೇರೆ ಆಳು ಇರುವುದಿಲ್ಲ. ಚಿತ್ರ ಚೆಂದ ಬಂದು, ಮಾತೇ ಕೇಳಿಸದೆ ಹಾಳಾದ ಪ್ರಾಜೆಕ್ಟ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

1. ಐದಾರು ಪ್ರಶ್ನೆ ಬರೆದುಕೊಳ್ಳಿ. ಹೌದು, ಇಲ್ಲ ಎಂದಷ್ಟೇ ಉತ್ತರ ಬರುವಂಥವನ್ನು ಹೊಡೆದುಹಾಕಿ.

2. ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಅಂದರೆ ಜಾಗ ಬದಲಿಸಿ. ಪುಸ್ತಕದ ಕಪಾಟು, ದಪ್ಪ ಪರದೆ ಇರುವ ಕೋಣೆ ಒಳ್ಳೆಯದು. ಫ್ಯಾನ್ ಆರಿಸಿ.

3. ಈಗ ಮೈಕ್. ಎಲ್ಲರೂ ಎಡವುವುದು ಇಲ್ಲೇ. ಕ್ಯಾಮೆರಾದ ಮೈಕ್ ನಂಬಬೇಡಿ, ಅದು ದೂರದಲ್ಲಿರುತ್ತದೆ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಸಿಕ್ಕಿಸಿ. ಸೆರಗು, ಸರ, ದುಪಟ್ಟಾ ತಾಗಿದರೆ ಸರಸರ ಸದ್ದು ಬರುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ತುಂಬಾ ಕಷ್ಟ. ಕಾಲರ್ ಮೈಕ್ ಇಲ್ವಾ? ಇನ್ನೊಂದು ಫೋನನ್ನೇ ಏರೋಪ್ಲೇನ್ ಮೋಡ್‌ಗೆ ಹಾಕಿ, ಅದರಲ್ಲಿ ರೆಕಾರ್ಡಿಂಗ್ ಶುರು ಮಾಡಿ, ಮಾತಾಡುವವರ ಹತ್ತಿರ ಇಡಿ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಚಿತ್ರಕ್ಕೆ ಧ್ವನಿ ಹೊಂದಿಸುವುದು ಸುಲಭ. 'ನಾಯ್ಸ್ ಕ್ಯಾನ್ಸಲಿಂಗ್' ಎಂದು ಮಾರುವ ಅಗ್ಗದ ವೈರ್‌ಲೆಸ್ ಮೈಕ್ ಕೊಳ್ಳಲೇಬೇಡಿ. ಅವುಗಳಲ್ಲಿ ಹಲವು ಗದ್ದಲದ ಜೊತೆ ಮಾತಿನ ಕೊನೆಯನ್ನೂ ನುಂಗುತ್ತವೆ. ವೈರ್ ಇರುವ ಸಾದಾ ಮೈಕ್ ಸಾಕು.

ಲೆವೆಲ್, ಅಂದರೆ ಧ್ವನಿ ಎಷ್ಟು ಜೋರಾಗಿ ದಾಖಲಾಗುತ್ತಿದೆ ಎಂದು ನೋಡಲು "ಬೆಳಿಗ್ಗೆಯಿಂದ ಏನೇನು ಮಾಡಿದ್ರಿ?" ಎಂದು ಕೇಳಿ. ಅವರು ಮಾಮೂಲಾಗಿ ಮಾತಾಡುವಾಗ ಪರದೆಯ ಮೇಲಿನ ಧ್ವನಿ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಆಡಬೇಕು. ನಗು ಬಂದಾಗ ಮೈನಸ್ 6 ಮುಟ್ಟಿದರೂ ಪರವಾಗಿಲ್ಲ. ಸೊನ್ನೆಯೇ ಮೇಲಿನ ಮಿತಿ, ಅದನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ. ಸಣ್ಣಗಿರುವ ಧ್ವನಿಯನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಮೊದಲಿನಂತೆ ಮಾಡಲಾಗದು. ಧ್ವನಿಯನ್ನು ತಾನಾಗಿಯೇ ಏರಿಸಿ ಇಳಿಸುವ ಆಟೋ ಗೇನ್ ಆಫ್ ಮಾಡಿ. ಇಲ್ಲದಿದ್ದರೆ ಮಾತು ನಿಂತಾಗಲೆಲ್ಲ ಹಿಂದಿನ ಗುಜುಗುಜು ಮೇಲೇಳುತ್ತದೆ. ಮತ್ತೆ, ಹೆಡ್‌ಫೋನ್ ಹಾಕಿಕೊಳ್ಳಿ. ಮೀಟರ್ ಕುಣಿಯುತ್ತಿದೆ ಎಂದ ಮಾತ್ರಕ್ಕೆ ಮಾತು ಸರಿಯಾಗಿ ಬರುತ್ತಿದೆ ಎಂದಲ್ಲ, ವೈರ್ ಸಡಿಲವಾಗಿದ್ದರೂ ಕುಣಿಯುತ್ತದೆ.

4. ಎಲ್ಲರೂ 30 ಸೆಕೆಂಡ್ ಸುಮ್ನಿರಿ, ರೆಕಾರ್ಡಿಂಗ್ ಓಡಲಿ. ಕೋಣೆಯ ಆ ಮೌನ ಎಡಿಟಿಂಗ್‌ನಲ್ಲಿ ಕತ್ತರಿಸಿದ ಜಾಗ ತುಂಬಲು ಬೇಕು.

5. ಪ್ರಶ್ನೆ ಕೇಳಿದ ಮೇಲೆ "ಹ್ಞೂಂ, ಹೌದಾ" ಅನ್ನಬೇಡಿ, ತಲೆ ಅಲ್ಲಾಡಿಸಿ. ಉತ್ತರ ಮುಗಿದ ಮೇಲೂ ಮೂರು ಸೆಕೆಂಡ್ ಕಾಯಿರಿ. ಒಳ್ಳೆಯ ಮಾತು ಎಷ್ಟೋ ಸಲ ಆಗಲೇ ಬರುತ್ತದೆ.

6. ಹೊರಡುವ ಮೊದಲು ಅಲ್ಲೇ ಒಂದು ನಿಮಿಷ ಹಾಕಿ ಕೇಳಿ. ಎರಡು ಕಡೆ ಕಾಪಿ ಮಾಡುವವರೆಗೆ ಮೆಮೊರಿ ಕಾರ್ಡ್ ಅಳಿಸಬೇಡಿ. ಕಾಲೇಜಿನ ಕ್ಯಾಮೆರಾ ಆದರೆ ಮರುದಿನವೇ ಇನ್ನೊಬ್ಬರ ಕೈಗೆ ಹೋಗುತ್ತದೆ, ಅಲ್ವಾ?