.308ರಿಂದ 7 ಎಂಎಂ-08ಕ್ಕೆ: ನನ್ನ ಬೇಟೆ ರೈಫಲ್‌ಗೆ ಹೊಸ ನಳಿಗೆ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪ್ರತಿ ನವೆಂಬರ್‌ನ ಒಂಬತ್ತು ದಿನಗಳ ಜಿಂಕೆ ಬೇಟೆಗೆ ನಾನು ಒಯ್ಯುತ್ತಿದ್ದುದು .308 ವಿಂಚೆಸ್ಟರ್ ತೋಟಾ ಹಾರಿಸುವ ಸ್ಯಾವೇಜ್ ರೈಫಲ್. ಮಗಳು ಬೇಟೆಗೆ ಬರುವ ವಯಸ್ಸಿಗೆ ಬಂದಾಗ ಅದರ ಒದೆತಕ್ಕೆ ಹೆದರಿ, ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು. ಇನ್ನೊಂದು ರೈಫಲ್ ಕೊಳ್ಳುವ ಬದಲು ಇದ್ದದ್ದನ್ನೇ ಒದೆತ ಕಡಿಮೆಯಿರುವ 7 ಎಂಎಂ-08 ರೆಮಿಂಗ್ಟನ್ ತೋಟಾಗೆ ಬದಲಿಸಲು ನಿರ್ಧರಿಸಿದೆ. 1980ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟಾ .308ರ ಕವಚದ ಕುತ್ತಿಗೆಯನ್ನೇ ಕಿರಿದು ಮಾಡಿ ರೂಪಿಸಿದ್ದು. ಬುಡದ ಅಳತೆ ಒಂದೇ ಆದ್ದರಿಂದ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್, ತೋಟಾ ತುಂಬುವ ಮ್ಯಾಗಝೀನ್ ಎರಡೂ ಹಾಗೆಯೇ ಉಳಿಯುತ್ತವೆ, ಬದಲಾಗಬೇಕಾದದ್ದು ನಳಿಗೆ ಮಾತ್ರ.

ಇಲ್ಲಿನ ಫೆಡರಲ್ ಕಾನೂನಿನ ಕಣ್ಣಿಗೆ ಬೋಲ್ಟ್ ಕೂರುವ ಒಡಲು, ಅಂದರೆ ರಿಸೀವರ್ ಮಾತ್ರವೇ ಬಂದೂಕು, ನಳಿಗೆ ಬರೀ ಬಿಡಿಭಾಗ. ನಾನು ಹುಟ್ಟಿದ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಪೂಜಿಸಿ ಬೆಳೆದವನಾದರೂ, ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ ಎಂಬುದನ್ನು ಹೇಳಿಯೇ ಮುಂದುವರಿಯುತ್ತೇನೆ.

ಸ್ಯಾವೇಜ್‌ನಲ್ಲಿ ನಳಿಗೆಯನ್ನು ರಿಸೀವರ್‌ಗೆ ಬಿಗಿದಿಡುವುದು ಒಂದು ದೊಡ್ಡ ನಟ್. ಅದನ್ನು ಸಡಿಲಿಸಿದರೆ ನಳಿಗೆ ಒಳಕ್ಕೂ ಹೊರಕ್ಕೂ ಸರಿಯುತ್ತದೆ; ಬೋಲ್ಟ್‌ನ ಮುಖಕ್ಕೂ ತೋಟಾ ಕೂರುವ ಗೂಡಿನಲ್ಲಿ ಕವಚದ ಭುಜ ತಾಗುವ ಜಾಗಕ್ಕೂ ನಡುವಿನ ಅಂತರ, ಅಂದರೆ ಹೆಡ್‌ಸ್ಪೇಸ್, ನಿರ್ಧಾರವಾಗುವುದು ಅಲ್ಲಿಯೇ. ಅದನ್ನು ಅಳೆಯುವ ಉಕ್ಕಿನ ಗೇಜ್‌ಗಳು ಎರಡು: ‘ಗೋ’ ಇಟ್ಟಾಗ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ ಇಟ್ಟಾಗ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಸುಮಾರು 0.1 ಮಿ.ಮೀ. ಮಾತ್ರ. ಅಂತರ ಇದಕ್ಕಿಂತ ಹೆಚ್ಚಿದಷ್ಟೂ ಹಿತ್ತಾಳೆ ಕವಚ ಬುಡದ ಬಳಿ ಹಿಗ್ಗಿ ಹರಿಯುವ ಅಪಾಯ ಹೆಚ್ಚು. ಹರಿದರೆ 60,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರುವ ಒತ್ತಡದ ಅನಿಲ ಹಾರಿಸುವವನ ಮುಖದತ್ತ ನುಗ್ಗಬಹುದು.

ನಾನು ಎಡವಿದ್ದೂ ಅಲ್ಲಿಯೇ. ಗೋ ಗೇಜ್‌ಗೆ ತಾಗುವವರೆಗೆ ನಳಿಗೆ ತಿರುಗಿಸಿ, ನಟ್ ಬಿಗಿದು, ಎಲ್ಲ ಸರಿಯಾಯಿತೆಂದು ನಂಬಿ ನೋ-ಗೋ ಇಟ್ಟೆ. ಬೋಲ್ಟ್ ಬೆಣ್ಣೆಯಲ್ಲಿ ಚೂರಿ ಇಳಿದಂತೆ ಮುಚ್ಚಿಕೊಂಡಿತು! ನಟ್ ಬಿಗಿಯುವಾಗ ಅದು ನಳಿಗೆಯನ್ನು ಎಳೆದು, ತಿರುಪಿನ ಎಳೆಗಳಲ್ಲಿದ್ದ ಸಡಿಲನ್ನು ನುಂಗಿ, ಕೂದಲೆಳೆಯಷ್ಟು ಮುಂದಕ್ಕೆ ಒಯ್ದಿತ್ತು. ಬಿಗಿಯುವ ಮೊದಲು ಅಳೆದದ್ದು ಅಳತೆಯೇ ಅಲ್ಲ ಎಂದು ಆಗ ತಿಳಿಯಿತು. ಮೂರನೆಯ ಪ್ರಯತ್ನದಲ್ಲಿ ಎರಡೂ ಗೇಜ್‌ಗಳು ಒಪ್ಪಿದವು. ಆದರೂ ನನ್ನ ಕೈಯನ್ನು ನಾನೇ ನಂಬದೆ ಅನುಭವಿ ಬಂದೂಕು ಕಮ್ಮಾರರೊಬ್ಬರಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಮೊದಲ ಗುಂಡು ಹಾರಿಸಿದ್ದು. ರೈಫಲ್ ಮೇಲಿನ ದೂರದರ್ಶಕವನ್ನಂತೂ ಮೊದಲಿನಿಂದ ಗುರಿಗೆ ಹೊಂದಿಸಬೇಕಾಯಿತು.

ಉಳಿದಿದ್ದ .308 ತೋಟಾಗಳನ್ನೆಲ್ಲ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟೆ. ಎರಡು ಬಗೆಯ ತೋಟಾಗಳೂ ನೋಡಲು ಅಣ್ಣ ತಮ್ಮಂದಿರಂತಿವೆ, ಕತ್ತಲ ಮುಂಜಾವಿನಲ್ಲಿ ಕೈಗವಸು ತೊಟ್ಟ ಬೆರಳಿಗೆ ಬೇರೆ ಬೇರೆ ಎಂದು ಗೊತ್ತಾಗುವುದಿಲ್ಲ. ಹಳೆಯ ನಳಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಗರಾಜಿನಲ್ಲಿದೆ. ರೈಫಲ್ ಈಗ ಮಗಳದು.