ಪುಸ್ತಕ ಕಪಾಟಿನಲ್ಲಿದೆ, ಹುಡುಕಿದರೆ ಸಿಗುವುದಿಲ್ಲ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ತುಳು, ಕೊಡವ, ಬ್ಯಾರಿ, ಅರೆಭಾಷೆಯ ಪುಸ್ತಕಗಳೂ ಇರಬೇಕು. ದಲಿತರು, ಆದಿವಾಸಿಗಳು, ಮಹಿಳೆಯರು ಬರೆದದ್ದೂ ಬೇಕು. ಆದರೆ ಕೊಂಡು ತಂದರಷ್ಟೇ ಸಾಲದು. ಕಂಪ್ಯೂಟರಿನಲ್ಲಿ ಹುಡುಕಿದಾಗ ಸಿಗದಿದ್ದರೆ ಆ ಪುಸ್ತಕ ಇದ್ದೂ ಇಲ್ಲದ ಹಾಗೆ, ಅಲ್ವಾ? ಗ್ರಂಥಪಾಲಕರು ಎಲ್ಲಿಂದ ಶುರು ಮಾಡಬಹುದು, ನೋಡೋಣ.

1. ಒಂದು ಕಪಾಟು ಎಣಿಸಿ

ಇಡೀ ಗ್ರಂಥಾಲಯಕ್ಕೆ ಕೈ ಹಾಕಬೇಡಿ. ಇತಿಹಾಸವೋ ಸಮಾಜಶಾಸ್ತ್ರವೋ, ಒಂದೇ ವಿಭಾಗದ ನೂರು ಪುಸ್ತಕ ತೆಗೆದುಕೊಳ್ಳಿ. ಭಾಷೆ ಯಾವುದು, ಎಲ್ಲಿ ಅಚ್ಚಾಯಿತು, ಯಾರ ಬಗ್ಗೆ, ಬರೆದವರು ಯಾರು ಎಂದು ಗುರುತು ಹಾಕಿ. ಹೆಸರು ನೋಡಿ ಲೇಖಕರ ಜಾತಿ ಊಹಿಸಬೇಡಿ. ಅವರೇ ಹೇಳಿಕೊಂಡಿದ್ದರೆ ಮಾತ್ರ ಬರೆಯಿರಿ.

2. ವೆಂಡರ್ ಪಟ್ಟಿಯಿಂದ ಆಚೆ ಹೋಗಿ

ಸಣ್ಣ ಪ್ರಕಾಶಕರ ಪುಸ್ತಕಗಳಿಗೆ ಎಷ್ಟೋ ಸಲ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೂಡ ಇರುವುದಿಲ್ಲ. ಹಾಗಾಗಿ ಪುಸ್ತಕ ಪೂರೈಸುವ ವೆಂಡರ್ ಪಟ್ಟಿಯಲ್ಲಿ ಅವು ಸಿಗದೇ ಹೋಗಬಹುದು. ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆಗೆ ರಾಜ್ಯದಲ್ಲಿ ಬೇರೆ ಬೇರೆ ಅಕಾಡೆಮಿಗಳಿವೆ. ಅವುಗಳ ಪ್ರಕಟಣೆಗಳನ್ನು ತರಿಸಿ. ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ನೇರವಾಗಿ ಕೊಳ್ಳಲು ಮೊದಲೇ ಅನುಮತಿ ಪಡೆದಿಡಿ.

3. ಕ್ಯಾಟಲಾಗ್ ಸರಿಮಾಡಿ

ಜಾಸ್ತಿ ಹೊತ್ತು ಬೇಡುವ ಕೆಲಸ ಇದೇ. ಪುಸ್ತಕದ ವಿವರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಗ್ರಂಥಾಲಯಗಳು ಬಳಸುವ ಮಾರ್ಕ್ ಮಾದರಿಯ ಭಾಷಾ ಪಟ್ಟಿಯಲ್ಲಿ ಕನ್ನಡಕ್ಕೆ ಅದರದೇ ಸಂಕೇತವಿದೆ. ತುಳು, ಕೊಡವ ಎರಡಕ್ಕೂ ಇಲ್ಲ. ಎರಡೂ 'ಡಿಆರ್‌ಎ', ಅಂದರೆ ದ್ರಾವಿಡ ಭಾಷೆಗಳು ಎಂಬ ಒಂದೇ ಚೀಲಕ್ಕೆ ಬೀಳುತ್ತವೆ. ತುಳು ಪುಸ್ತಕಗಳನ್ನಷ್ಟೇ ತೋರಿಸು ಎಂದರೆ ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಇದಕ್ಕೆ ದಾರಿ ಇದೆ. ಐಎಸ್‌ಒ 639-3 ಎಂಬ ಅಂತರರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿಯಲ್ಲಿ ತುಳುವಿಗೆ 'ಟಿಸಿವೈ', ಕೊಡವಕ್ಕೆ 'ಕೆಎಫ್‌ಎ' ಎಂಬ ಸಂಕೇತಗಳಿವೆ. ಮಾರ್ಕ್ ದಾಖಲೆಯಲ್ಲಿ ಭಾಷೆಗೆ ಮೀಸಲಾದ 041ನೇ ಫೀಲ್ಡಿನಲ್ಲಿ (ಅಂಕಣದಲ್ಲಿ), ಯಾವ ಪಟ್ಟಿಯ ಸಂಕೇತ ಎಂದು ತಿಳಿಸಿ, ಇವನ್ನು ಸೇರಿಸಬಹುದು. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕವನ್ನು ಲಿಪಿ ನೋಡಿ ಕನ್ನಡಕ್ಕೆ ಸೇರಿಸಿಬಿಟ್ಟಿದ್ದರೆ ಅದನ್ನೂ ತಿದ್ದಿ.

ವಿಷಯ ಶೀರ್ಷಿಕೆಗಳನ್ನೂ, ಅಂದರೆ ಪುಸ್ತಕ ಯಾವುದರ ಬಗ್ಗೆ ಎಂದು ಕ್ಯಾಟಲಾಗಿನಲ್ಲಿ ತಿಳಿಸುವ ಪದಗಳನ್ನೂ, ನೋಡಿ. ಒಂದು ಸಮುದಾಯವನ್ನು ನೋಯಿಸುವ ಹಳೆಯ ಪದ ಇದ್ದರೆ, ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಹಾಕಿ. ಇದು ಆಗದ ಮಾತಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ವಲಸಿಗರನ್ನು 'ಅಕ್ರಮ' ಎನ್ನುವ ಶೀರ್ಷಿಕೆಯ ವಿರುದ್ಧ 2014ರಲ್ಲಿ ದನಿ ಎತ್ತಿದರು. 2021ರಲ್ಲಿ, ಇಂಥ ಶೀರ್ಷಿಕೆಗಳ ಪಟ್ಟಿ ನಡೆಸುವ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕೈಬಿಡಲು ತೀರ್ಮಾನಿಸಿತು. ನಮ್ಮಲ್ಲೂ ಭೂತಾರಾಧನೆಯ ಪುಸ್ತಕವನ್ನು ಸುಮ್ನೆ ಜಾನಪದ ಎಂದು ಬಿಡಬೇಡಿ. ನಂಬಿ ನಡೆಯುವವರಿಗೆ ಅದು ಧರ್ಮ. ಆ ಶೀರ್ಷಿಕೆಯೂ ಇರಲಿ.

4. ಕಣ್ಣು ಕಾಣದವರಿಗೂ ಓದಲು ಸಿಗಲಿ

2012ರಲ್ಲಿ ತಿದ್ದಿದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಅಂಗವಿಕಲ ಓದುಗರಿಗಾಗಿ ಲಾಭವಿಲ್ಲದೆ ಪುಸ್ತಕವನ್ನು ಬ್ರೈಲ್, ಆಡಿಯೊ, ಇ-ಪಠ್ಯ ಮಾಡಬಹುದು. 2016ರಲ್ಲಿ ಶುರುವಾದ 'ಸುಗಮ್ಯ ಪುಸ್ತಕಾಲಯ'ದಲ್ಲಿ ಇಂಥ ಪುಸ್ತಕಗಳು ಆನ್‌ಲೈನಿನಲ್ಲೇ ಸಿಗುತ್ತವೆ. ಒಂದು ಎಚ್ಚರಿಕೆ: ಬರೀ ಫೋಟೊದಂತಿರುವ ಪಿಡಿಎಫ್ ಅನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಓದಲಾರದು. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನ ಕಡತ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದುತ್ತದೆ. ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಒಂದು ಪುಟವನ್ನಾದರೂ ಅಂಧ ವಿದ್ಯಾರ್ಥಿಯ ಜೊತೆ ಕೂತು ಕೇಳಿ. ಒತ್ತಕ್ಷರ ಎಲ್ಲಿ ಕೆಟ್ಟಿದೆ ಎಂದು ಅವರಿಗೆ ಕೂಡಲೇ ತಿಳಿಯುತ್ತದೆ.