ಬೋಯಿಕೇರಿ ತಿರುವಿನಲ್ಲಿ ಕಾರು ಜಾರಿದ ದಿನ: ನಾನು ಮಾಡಿದ್ದು, ಮಾಡಬಾರದಿದ್ದದ್ದು

ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಗೊತ್ತಲ್ವಾ, ಮೂರು ದಿನದಿಂದ ಬಿಟ್ಟಿರಲಿಲ್ಲ. ಅಮ್ಮನನ್ನು ಕರೆದುಕೊಂಡು ಮಡಿಕೇರಿಯಿಂದ ಕುಶಾಲನಗರಕ್ಕೆ ಹೊರಟಿದ್ದೆ. ಬೋಯಿಕೇರಿ ಹತ್ತಿರ ಇಳಿಜಾರಿನ ತಿರುವು, ಮಂಜು ಬೇರೆ. ಎದುರಿಗೆ ತೋಟದ ಕೆಲಸದವರನ್ನು ತುಂಬಿಕೊಂಡ ಜೀಪು ಬಂತು, ಬ್ರೇಕ್ ಒತ್ತಿದೆ, ಕಾರು ಜಾರಿತು. ಜೀಪಿನ ಹಿಂಬದಿಗೆ ಬಡಿದು ಮೂತಿ ಹೋಗಿ ಚರಂಡಿಯಲ್ಲಿ ಕೂತಿತು. ತಪ್ಪು ನನ್ನದೇ. ಮುಂದಿನ ಟೈರು ಸವೆದಿತ್ತು, ಮಳೆಗೆ ಮೊದಲೇ ಬದಲಿಸಬೇಕಿತ್ತು, ಮುಂದಿನ ತಿಂಗಳು ನೋಡೋಣ ಅಂತ ತಳ್ಳಿದ್ದೆ.

ಆಮೇಲೆ ಮಾಡಿದ ಮೊದಲ ಕೆಲಸವೂ ತಪ್ಪೇ. ರಿವರ್ಸ್ ಹಾಕಿ ಕಾರನ್ನು ಎಳೆಯಲು ಹೋದೆ. "ಆಫ್ ಮಾಡಿ ಸಾರ್, ಕೆಳಗೆ ನೋಡಿ" ಅಂತ ಜೀಪಿನ ಡ್ರೈವರ್ ಕೂಗಿದ. ಇಳಿದು ನೋಡಿದರೆ ಚರಂಡಿ ನೀರಿನಲ್ಲಿ ಇಂಜಿನ್ ತಂಪಾಗಿಡುವ ಹಸಿರು ಕೂಲೆಂಟ್ ಎಳೆ ಎಳೆಯಾಗಿ ಹರಿದು ಹೋಗುತ್ತಿತ್ತು. ರೇಡಿಯೇಟರ್ ಒಡೆದ ಮೇಲೆ ಇಂಜಿನ್ ಓಡಿಸಿ ಅದು ಸುಟ್ಟರೆ, ಆ ಖರ್ಚು ಇನ್ಶೂರೆನ್ಸ್‌ನವರು ಕೊಡುವುದಿಲ್ಲ. ಅಪಘಾತದ ನಂತರ ರಿಪೇರಿ ಮಾಡಿಸದೆ ಓಡಿಸಿ ಹೆಚ್ಚಾದ ಹಾನಿ ಮಾಲೀಕನ ತಲೆಗೇ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ನನಗೆ ಅದು ಗೊತ್ತಾಗಿದ್ದು ಆಮೇಲೆ.

ಹಜಾರ್ಡ್ ಲೈಟ್ ಹಾಕಿದೆ, ಆದರೆ ಮಂಜಿನಲ್ಲಿ, ಅದೂ ತಿರುವಿನ ಆಚೆಗೆ, ಅದು ಯಾರಿಗೆ ಕಾಣಬೇಕು? ಜೀಪಿನಲ್ಲಿದ್ದ ಇಬ್ಬರು ಕತ್ತಿಯಿಂದ ಬೇಲಿಯ ಕೊಂಬೆ ಕಡಿದು, ಮೇಲೆ ಐವತ್ತು ಹೆಜ್ಜೆ, ಕೆಳಗೆ ಐವತ್ತು ಹೆಜ್ಜೆ ದೂರದಲ್ಲಿ ರಸ್ತೆಗೆ ಎಸೆದು ಬಂದರು. ನಮ್ಮ ಕಡೆ ರಸ್ತೆ ಮೇಲೆ ಸೊಪ್ಪು ಕಂಡರೆ ಯಾರಾದರೂ ಬ್ರೇಕ್ ಹಾಕೇ ಹಾಕ್ತಾರೆ. ಇಂಥ ಹೊತ್ತಿಗೆ ರಸ್ತೆಯಲ್ಲಿಡುವ ಕೆಂಪು ತ್ರಿಕೋನ ನನ್ನ ಕಾರಿನ ಡಿಕ್ಕಿಯಲ್ಲೇ ಇತ್ತು ಅನ್ನುವುದು ಸಂಜೆ ನೆನಪಾಯಿತು!

ಅಮ್ಮನಿಗೆ ಬೆಲ್ಟ್ ಉಜ್ಜಿದ ನೋವು, ಅಷ್ಟೇ. ಆದರೆ ಜೀಪಿನಲ್ಲಿದ್ದ ಒಬ್ಬ ಅಕ್ಕ ಮಣಿಕಟ್ಟು ಹಿಡಿದು ಕೂತಿದ್ದರು, ಊದಿಕೊಳ್ಳುತ್ತಿತ್ತು. ಅಲ್ಲಿ ನೆಟ್‌ವರ್ಕ್ ಇಲ್ಲ. ಒಬ್ಬ ಹುಡುಗ ಮೇಲಿನ ತಿರುವಿಗೆ ಓಡಿ ಹೋಗಿ 108ಕ್ಕೆ ಫೋನ್ ಮಾಡಿದ. ಅಷ್ಟರಲ್ಲಿ ಹಿಂದಿನಿಂದ ಬಂದ ಕಾರಿನವರು ನಿಲ್ಲಿಸಿದರು, ಆದರೆ ಕರೆದುಕೊಂಡು ಹೋಗಲು ಹಿಂಜರಿದರು, ಸಾಕ್ಷಿ ಅಂತ ಸ್ಟೇಷನ್‌ಗೆ ಅಲೆಸ್ತಾರೆ ಅನ್ನೋ ಭಯ. ಈಗ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 134ಎ ಪ್ರಕಾರ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಇದೆ, ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಅಷ್ಟು ಹೇಳಿದ ಮೇಲೆ ಅಕ್ಕನನ್ನು ಹತ್ತಿಸಿಕೊಂಡರು. 108ಕ್ಕೆ ಬೇಡ ಅಂತ ತಿಳಿಸಿದೆವು.

ಗಲಾಟೆ ಶುರುವಾಗಿದ್ದು ಆಮೇಲೆ. ಸೇರಿದವರಲ್ಲಿ ಒಬ್ಬರು, "ಐದು ಸಾವಿರ ಕೊಟ್ಟು ಇಲ್ಲೇ ಮುಗಿಸ್ಕೊಳ್ಳಿ, ಸ್ಟೇಷನ್ ಗೀಷನ್ ಯಾಕೆ" ಅಂದರು. ನಿಜ ಹೇಳ್ತೀನಿ, ಕೈ ಪರ್ಸಿಗೆ ಹೋಗಿತ್ತು. ತಡೆದದ್ದು ಅಮ್ಮ: "ಅವಳ ಕೈ ಮುರಿದಿದ್ಯೋ ಇಲ್ವೋ ಇನ್ನೂ ಗೊತ್ತಿಲ್ಲ, ನೀನು ಏನನ್ನ ಮುಗಿಸ್ತೀಯ?" ಸಂಜೆ ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟದ್ದು ಗೊತ್ತಾಯಿತು. ಬರಿ ಬಂಪರ್ ತಾಗಿದ್ದರೆ ಮಾತಲ್ಲಿ ಮುಗಿಸಿ, ಬೇಡ ಅನ್ನಲ್ಲ. ಆದರೆ ಮನುಷ್ಯರಿಗೆ ಗಾಯವಾಗಿದ್ದರೆ ರಸ್ತೆಯಲ್ಲಿ ರಾಜಿ ಬೇಡ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣದ ಮಾತು ಕೊಡಬಾರದು ಅನ್ನೋ ಷರತ್ತು ಮಾಮೂಲಿ ಪಾಲಿಸಿಯಲ್ಲೇ ಇದೆ. ಆ ಅಕ್ಕ ಮುಂದೆ ಪರಿಹಾರ ಕೇಳಿದರೆ ಕೊಡಬೇಕಾದ್ದು ನನ್ನ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ನನ್ನ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಇರುವ ವಿಮೆ. ನಾನು ಕೈಯಿಂದ ಕೊಟ್ಟು ಮುಚ್ಚಿಟ್ಟರೆ ಅವರಿಗೂ ನಷ್ಟ, ನನಗೂ.

ಫೋಟೋ ವಿಷಯ. ಮೊದಲು ದೂರದಿಂದ, ಎರಡೂ ಗಾಡಿ, ತಿರುವು, ನಂಬರ್ ಪ್ಲೇಟ್ ಒಟ್ಟಿಗೆ ಬರುವ ಹಾಗೆ, ಆಮೇಲೆ ಹತ್ತಿರದಿಂದ. ಮಣ್ಣಿನ ಮೇಲಿನ ಟೈರ್ ಗುರುತನ್ನು ಮಳೆ ಹತ್ತು ನಿಮಿಷದಲ್ಲಿ ತೊಳೆದುಬಿಟ್ಟಿತು, ನನ್ನ ಫೋಟೋದಲ್ಲಿ ಮಾತ್ರ ಉಳಿದಿದೆ.

ಗಾಯವಾದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಅದೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134. ನಾನೇ ಹೋದೆ. ಕೇಸ್ ಬಿತ್ತು, ಅಜಾಗರೂಕ ಚಾಲನೆಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281 ಅಂತ ಬರೆದಿದ್ದರು (2024 ಜುಲೈಗೆ ಮೊದಲಾದರೆ ಐಪಿಸಿ 279), ಸ್ಟೇಷನ್‌ನಲ್ಲೇ ಜಾಮೀನು ಸಿಕ್ಕಿತು. ಮಹಜರು, ಆರ್‌ಟಿಓ ಇನ್‌ಸ್ಪೆಕ್ಟರ್ ತಪಾಸಣೆ ಎಲ್ಲ ಮುಗಿಯುವವರೆಗೆ ಕಾರು ಅಲ್ಲೇ. ಒಂದು ಮಾತು: ಸ್ಟೇಷನ್, ಆಸ್ಪತ್ರೆ, ಕ್ಲೇಮ್ ಫಾರಂ, ಮೂರೂ ಕಡೆ ಒಂದೇ ಕಥೆ ಇರಬೇಕು. ಆಸ್ಪತ್ರೆಯಲ್ಲಿ ಯಾರೋ ಅವಸರದಲ್ಲಿ "ಜೀಪಿನಿಂದ ಬಿದ್ದದ್ದು" ಅಂದುಬಿಟ್ಟಿದ್ದರು, ಅದನ್ನು ಅವತ್ತೇ ಸರಿ ಮಾಡಿಸದಿದ್ದರೆ ಅಕ್ಕನ ಕ್ಲೇಮೇ ಕಷ್ಟವಾಗುತ್ತಿತ್ತು.

ಇನ್ಶೂರೆನ್ಸ್‌ಗೆ ಅದೇ ದಿನ ಫೋನ್ ಮಾಡಿದೆ. ಹಾನಿ ಅಳೆಯಲು ಬರುವ ಸರ್ವೇಯರ್ ನೋಡುವವರೆಗೆ ಗ್ಯಾರೇಜಿನವರಿಗೆ ಒಂದು ಬೋಲ್ಟ್ ಬಿಚ್ಚಲೂ ಬಿಡಬೇಡಿ. ಬಿಲ್ 54 ಸಾವಿರ, ನನ್ನ ಕೈಯಿಂದ ಹೋಗಿದ್ದು 17 ಸಾವಿರ. ಇಷ್ಟು ಜಾಸ್ತಿ ಯಾಕೆ ಅಂತ ಜಗಳಕ್ಕೇ ನಿಂತಿದ್ದೆ. ನನ್ನದು ಝೀರೋ ಡೆಪ್ (ಭಾಗಗಳ ಸವಕಳಿ ಕಡಿತ ಇಲ್ಲದ ಪಾಲಿಸಿ) ಅಲ್ಲ, ಹಾಗಾಗಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ದುಡ್ಡು ಕಡಿತ, ನಾಲ್ಕು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ 35%, ಅದರ ಮೇಲೆ ಕಡ್ಡಾಯ ಕಡಿತ 1,000. ಜೊತೆಗೆ 45% ಇದ್ದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಬಂತು.

ಹೋದ ವಾರ ತೋಟದ ಗೇಟಿಗೆ ಹಿಂದಿನ ಬಾಗಿಲು ಉಜ್ಜಿದೆ. ಪೇಂಟ್‌ಗೆ ಮೂರು ಸಾವಿರ ಕೇಳ್ತಾರೆ. ಬೋನಸ್ ಈಗಷ್ಟೇ 20%ಗೆ ಏರಿದೆ, ಕ್ಲೇಮ್ ಮಾಡಲಿಲ್ಲ. ಗೀರು ಹಾಗೇ ಇದೆ.